ಬೆಳ್ಳಿ ಟೀಪಾಟಿನ ಮೇಲಿನ ಲಾಂಛನವನ್ನು ನಾನು ಓದಿದ ಬಗೆ

ಇಂಗ್ಲೆಂಡಿನ ಸಣ್ಣ ಊರೊಂದರ ಹರಾಜಿನಲ್ಲಿ ನಾನು ಕೊಂಡ ಬೆಳ್ಳಿಯ ಟೀಪಾಟಿನ ಮೈಮೇಲೆ ಗುರಾಣಿಯಾಕಾರದ ಲಾಂಛನವಿತ್ತು. ಅದು ಯಾವ ಮನೆತನದ್ದೆಂದು ಹುಡುಕುವ ಮೊದಲು ಪಾತ್ರೆಯ ಕಾಲ ತಿಳಿಯಬೇಕಿತ್ತು. ಬೋರಲು ಹಾಕಿ ಭೂತಗನ್ನಡಿ ಹಿಡಿದಾಗ ತಳದಲ್ಲಿ ಐದು ಮುದ್ರೆಗಳು ಕಂಡವು: ನೂರಕ್ಕೆ 92.5 ಪಾಲು ಬೆಳ್ಳಿಯಿದೆಯೆಂದು ಸಾರುವ ಸಿಂಹ, ಲಂಡನ್ನಿನ ಕಿರೀಟಧಾರಿ ಚಿರತೆಯ ತಲೆ, ತಯಾರಕರ ಮೊದಲಕ್ಷರಗಳು, 1787–88ನ್ನು ಸೂಚಿಸುವ ಸಣ್ಣ 'ಎಂ' ಅಕ್ಷರ, ಮತ್ತು ಸುಂಕ ಸಂದಾಯವಾದ ಗುರುತಾಗಿ 1784ರಿಂದ 1890ರವರೆಗೆ ಒತ್ತುತ್ತಿದ್ದ ದೊರೆಯ ತಲೆ.

ಆದರೆ ಪಾತ್ರೆಯ ವಯಸ್ಸೇ ಕೆತ್ತನೆಯ ವಯಸ್ಸೂ ಆಗಿರಬೇಕೆಂದೇನಿಲ್ಲ. ಪಾತ್ರೆ ಕೈ ಬದಲಾದಾಗ ಹಳೆಯ ಲಾಂಛನವನ್ನು ಉಜ್ಜಿ ಅಳಿಸಿ ಹೊಸದನ್ನು ಕೆತ್ತಿಸುವುದಿತ್ತು. ಹಾಗೆ ಅಳಿಸಿದ ಕಡೆ ತಗಡು ತೆಳುವಾಗಿ, ಬೆರಳೊತ್ತಿದರೆ ತಗ್ಗುತ್ತದೆ. ಉಸಿರು ಊದಿದರೆ ಹಳೆಯ ಗೆರೆಗಳು ಮಸುಕಾಗಿ ಮೂಡುವುದೂ ಉಂಟು. ಎರಡನ್ನೂ ಪರೀಕ್ಷಿಸಿದೆ, ತಗಡು ಗಟ್ಟಿಯಾಗಿಯೇ ಇತ್ತು.

ಬಣ್ಣ ಹಚ್ಚದ ಬೆಳ್ಳಿಯ ಮೇಲೆ ಬಣ್ಣವನ್ನು ಗೆರೆಗಳೇ ಹೇಳುತ್ತವೆ: ನೆಟ್ಟಗಿನ ಗೆರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕೆಗಳು ಚಿನ್ನ, ಬರಿದಾಗಿ ಬಿಟ್ಟದ್ದು ಬೆಳ್ಳಿ. ಎರಡು ಶತಮಾನಗಳ ಪಾಲಿಶಿನಿಂದ ಸವೆದಿದ್ದ ಗೆರೆಗಳು ದೀಪವನ್ನು ಓರೆಯಾಗಿ ಹಿಡಿದಾಗಲೇ ನನಗೆ ಕಾಣಿಸಿದವು. ಒಂದು ಪಕ್ಕ ನೀಲಿಯ ಮೇಲೆ ಮೂರು ಚಿನ್ನದ ಚಿಪ್ಪುಗಳು, ಇನ್ನೊಂದು ಪಕ್ಕ ಬೆಳ್ಳಿಯ ಮೇಲೆ ಹಿಂಗಾಲಿನಲ್ಲಿ ನಿಂತ ಕೆಂಪು ಸಿಂಹ.

ಹೀಗೆ ಗುರಾಣಿಯನ್ನು ಉದ್ದಕ್ಕೆ ಸೀಳಿದ್ದರೆ ಅದು ದಂಪತಿಯ ಲಾಂಛನ. ಗುರಾಣಿ ಹಿಡಿದವನ ಬಲಕ್ಕೆ ಗಂಡನ ಮನೆತನ, ಎಡಕ್ಕೆ ಹೆಂಡತಿಯ ತವರು. ಎದುರಿನಿಂದ ನೋಡುವ ನಮಗೆ ಗಂಡನದು ಎಡಗಡೆ. ನಾನಿದನ್ನು ಅದಲುಬದಲಾಗಿ ಓದಿ ಎರಡು ವಾರ ತಪ್ಪು ಮನೆತನಗಳನ್ನು ಹುಡುಕಿದೆ. ಹೆಸರಿನಿಂದಲ್ಲದೆ ಲಾಂಛನದ ಚಿತ್ರದಿಂದಲೇ ಹುಡುಕಬಹುದಾದ ಪ್ಯಾಪ್‌ವರ್ತರ 1874ರ ಕೋಶ ಆಮೇಲೆ ನೆರವಾಯಿತು. ಎರಡು ಪಕ್ಕಗಳಿಗೂ ಹಲವು ಹೆಸರುಗಳು ಸಿಕ್ಕವು.

ಮುಚ್ಚಳದ ಮೇಲಿನ ಕ್ರೆಸ್ಟನ್ನಷ್ಟೇ, ಅಂದರೆ ಲಾಂಛನದಲ್ಲಿ ಗುರಾಣಿಯ ಮೇಲ್ಗಡೆ ಬರುವ ಚಿಹ್ನೆಯನ್ನಷ್ಟೇ, ನಂಬಿ ದೊಡ್ಡ ಮನೆತನದ ಹೆಸರು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಕ್ರೆಸ್ಟನ್ನು ಎಷ್ಟೋ ಕುಟುಂಬಗಳು ಬಳಸುತ್ತಿದ್ದವು. ಆದ್ದರಿಂದ ಚಿಪ್ಪಿನವರ ಪಟ್ಟಿಯನ್ನೂ ಸಿಂಹದವರ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಅಚ್ಚಾದ ವಂಶಾವಳಿಗಳಲ್ಲಿ ಈ ಎರಡು ಮನೆಗಳ ನಡುವಿನ ಸಂಬಂಧವನ್ನೇ ಹುಡುಕಿದೆ. ಕಾಲಕ್ಕೆ ಒಪ್ಪುವ ಮದುವೆ ಒಂದೇ ಒಂದು ಸಿಕ್ಕಿತು. ಅದು 'ಎಂ' ಅಕ್ಷರದ ವರ್ಷಕ್ಕಿಂತ ಸ್ವಲ್ಪ ಮೊದಲು ನಡೆದಿತ್ತು.