ನಮ್ಮ ತರಗತಿಯ ಅಂಗಡಿಯಲ್ಲಿ ಚಿಲ್ಲರೆ ಇಲ್ಲ

ನಾನು ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ನಲಿ-ಕಲಿ ಅಂದರೆ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಗಳಲ್ಲೇ ಪಾಠ ಕಲಿಸುವ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿನಲ್ಲಿ ಹುಟ್ಟಿದ ನಗು ಮೂರೂ ತರಗತಿಗೆ ಹಬ್ಬೋಕೆ ಅರ್ಧ ನಿಮಿಷ ಸಾಕು. ನಗಬೇಡಿ ಅಂದರೆ ಇನ್ನೂ ಜಾಸ್ತಿ ನಗುತ್ತಾರೆ. ಅದಕ್ಕೇ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಗು ಎಂಥ ವಿಚಿತ್ರ ಉತ್ತರ ಕೊಟ್ಟರೂ, ತಪ್ಪು ಅನ್ನುವ ಮೊದಲು "ಅದು ಹೇಗೆ? ಹೇಳು ನೋಡೋಣ" ಅಂತ ಕೇಳುತ್ತೇನೆ. ನಗು ತಡೆಯೋಕೆ ಆಗದಿದ್ದರೆ ಬೋರ್ಡ್ ಕಡೆ ತಿರುಗಿ ಏನಾದರೂ ಅಳಿಸುತ್ತೇನೆ. ನಮ್ಮ ಬೋರ್ಡ್ ಯಾವಾಗಲೂ ಬಲು ಚೊಕ್ಕಟ.

ಒಮ್ಮೆ ಒಂದನೇ ತರಗತಿ ಹುಡುಗಿಯ ತಾತ ಬಾಗಿಲಲ್ಲಿ ಬಂದು ನಿಂತರು. "ಏನಮ್ಮಾ ಮೇಡಂ, ನಮ್ಮ ಮಗು ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತೈತೆ. ಪುಸ್ತಕದ ಮೊದಲ ಹಾಳೆ ಹರಿದೋಗೈತಾ?" ನಲಿ-ಕಲಿಯಲ್ಲಿ ಅಕ್ಷರ ಶುರುವಾಗೋದೇ ಹಾಗೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಮೊದಲಾಯಿತು. ಐದು ಅಕ್ಷರ ಬಂದ ಕೂಡಲೇ ಮಗು ಪದ ಓದಬೇಕು ಅನ್ನೋದು ಲೆಕ್ಕಾಚಾರ. ನಾನು ಇದನ್ನೆಲ್ಲ ವಿವರಿಸುವ ಮೊದಲೇ ಹುಡುಗಿ ತಾತನ ಪಂಚೆ ಹಿಡಿದು ಕೂರಿಸಿ ಸ್ಲೇಟಿನಲ್ಲಿ ಬರೆದಳು: ಸರ, ಅಗಸ, ದಸರ, ಗರಗಸ. ತಾತನಿಗೆ ಖುಷಿಯೋ ಖುಷಿ. "ಹಂಗಾರೆ ನನ್ನ ಹೆಸರು ಬರಿ" ಅಂದರು. ಅವಳು ಸ್ವಲ್ಪ ಯೋಚಿಸಿ, "ನಿನ್ನ ಅಕ್ಷರ ಇನ್ನೂ ಬಂದಿಲ್ಲ ತಾತ. ಮುಂದಿನ ಮೆಟ್ಟಿಲಲ್ಲಿ ಬರ್ತೈತೆ. ಕಾಯಬೇಕು" ಅಂದಳು. ನಾನು ಬೋರ್ಡ್ ಅಳಿಸಿದೆ.

ಬೆಳಿಗ್ಗೆ ಹಾಲು ಕುಡಿಯುವ ಹೊತ್ತೂ ಹೀಗೇ. 2013ರಿಂದ ಶಾಲೆಗಳಲ್ಲಿ ಕ್ಷೀರಭಾಗ್ಯ ಇದೆಯಲ್ಲ, ಹಾಲಿನ ಪುಡಿ ಕಲಸಿ ಕಾಯಿಸಿ 150 ಮಿಲಿಲೀಟರ್ ಕೊಡೋದು. ಒಬ್ಬಳು ಲೋಟ ಹಿಡಿದು, "ಮಿಸ್, ನಮ್ಮನೆ ಹಸು ಪುಡಿ ಕೊಡಲ್ಲ" ಅಂದಳು. ಹೇಗೆ ಅಂತ ಕೇಳೋ ಸರದಿ ಈ ಸಲ ಅವಳದ್ದು. ಡೈರಿಗೆ ಹಾಕಿದ ಹಾಲು ಒಕ್ಕೂಟಕ್ಕೆ ಹೋಗಿ, ಪುಡಿಯಾಗಿ, ಚೀಲದಲ್ಲಿ ಶಾಲೆಗೆ ಬರುತ್ತೆ ಅಂದೆ. "ನಮ್ಮ ಹಾಲೇನಾ?" ಅಂದಳು. ಇರಬಹುದು ಅಂದೆ. ಅವತ್ತಿಂದ ಯಾರಾದರೂ ಹಾಲು ಚೆಲ್ಲಿದರೆ ಅವಳೇ ಮೊದಲು ಬೈಯೋದು.

ಆದರೆ ಎಲ್ಲಕ್ಕಿಂತ ದೊಡ್ಡ ಗಮ್ಮತ್ತು ಲೆಕ್ಕದಲ್ಲಿ. "20 ರೂಪಾಯಿ ತಗೊಂಡು ಅಂಗಡಿಗೆ ಹೋದೆ. 14 ರೂಪಾಯಿ ಸಾಮಾನು ಕೊಂಡೆ. ವಾಪಸ್ ಎಷ್ಟು ಬರುತ್ತೆ?" ಅಂತ ಕೇಳಿದೆ. ಎರಡನೇ ತರಗತಿಯ ಒಬ್ಬ ತಟ್ಟನೆ ಎದ್ದು, "ಐದು ರೂಪಾಯಿ, ಒಂದು ಚಾಕ್ಲೇಟು" ಅಂದ. ಹೇಗೆ ಅಂದೆ. "ಚಿಲ್ಲರೆ ಇಲ್ಲ ಅಂತಾರೆ ಮಿಸ್." ಲೆಕ್ಕ ಸರಿಯಾಗೇ ಇದೆಯಲ್ಲ! ಆರು ಅಂತ ಬರೆದ ಮಕ್ಕಳೇ ಅನುಮಾನದಿಂದ ಅಳಿಸೋಕೆ ಶುರು ಮಾಡಿದರು.

ಹಾಗಾದರೆ ಅಂಗಡಿಯನ್ನೇ ಇಡೋಣ ಅಂತ ಮಾಡಿದೆವು. ಖಾಲಿ ಬಿಸ್ಕತ್ ಪ್ಯಾಕೆಟ್, ಸೋಪಿನ ಡಬ್ಬ, ಬೆಂಕಿಪೊಟ್ಟಣ ಮನೆಯಿಂದ ಬಂದವು. ರಟ್ಟಿನ ನೋಟು ಮಾಡಿದೆವು. ಆ ಚಾಕ್ಲೇಟ್ ಹುಡುಗನೇ ಅಂಗಡಿಯವನು. ಮೊದಲ ದಿನವೇ "ಸಾಲ ಕೇಳಬೇಡಿ" ಅಂತ ಬರೆದು ನೇತುಹಾಕಿದ. ನಾನು ಹೇಳಿಕೊಡದೆ ಅವನು ಬರೆದ ಮೊದಲ ವಾಕ್ಯ ಅದು. ಒಂದಕ್ಷರ ತಪ್ಪಿಲ್ಲ.

ಮಾರನೇ ದಿನ ನಾನು ಸೋಪು ಕೊಂಡು ರಟ್ಟಿನ ನೋಟು ಚಾಚಿದರೆ, ಅವನು ಚೌಕುಳಿ ಪುಸ್ತಕದ ಹಾಳೆಯೊಂದನ್ನು ಮುಂದಿಟ್ಟ. ಪೆನ್ಸಿಲಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕಪ್ಪಾಗಿ ತುಂಬಿದ್ದ. ಮೂರು ಮೂಲೆಯಲ್ಲಿ ದೊಡ್ಡ ಚೌಕ ಸಮೇತ, ಕ್ಯೂಆರ್ ಕೋಡ್! "ಸ್ಕ್ಯಾನ್ ಮಾಡಿ ಮಿಸ್." ಚಾಕ್‌ಪೀಸ್ ಡಬ್ಬಿಯನ್ನೇ ಫೋನಿನ ಹಾಗೆ ಹಿಡಿದೆ. ಮೇಜಿನ ಕೆಳಗಿಂದ ಮೂಗಿನ ದನಿ ಬಂತು: "ಮೂವತ್ತೈದು ರೂಪಾಯಿ ಸ್ವೀಕರಿಸಲಾಗಿದೆ." ಬಗ್ಗಿ ನೋಡಿದರೆ ಒಂದನೇ ತರಗತಿಯ ಪುಟ್ಟವನೊಬ್ಬ ಮಂಡಿ ಮಡಚಿ ಕೂತಿದ್ದಾನೆ. ಅವನೇ ಸೌಂಡ್ ಬಾಕ್ಸ್. ಇಪ್ಪತ್ತರ ಮೇಲೆ ಎಣಿಸು ಅಂದರೆ ಬಾಯಿ ಬಿಡದವನು! ನಾನು ಸುಮ್ಮನಿರಲಿಲ್ಲ. ಬೇಕಂತಲೇ 29, 39, 49 ರೂಪಾಯಿಯ ಸಾಮಾನೇ ಕೊಳ್ಳತೊಡಗಿದೆ. ಮಕ್ಕಳು ಎಡವೋದು ಅಲ್ಲೇ ತಾನೆ. "ಇಪ್ಪತ್ತು... ಹತ್ತು... ರೂಪಾಯಿ" ಅಂತ ಬಂದರೆ, ದುಡ್ಡು ಸೇರಿಲ್ಲ ಅಂತ ಅಂಗಡಿಯವನು ಸಾಮಾನನ್ನೇ ಬಿಡುತ್ತಿರಲಿಲ್ಲ. ಪುಟ್ಟವನು ಕೆಳಗೆ ಪಿಸುಪಿಸು ಅಂತ ಎಣಿಸಿ ಸರಿ ಮಾಡಿಕೊಂಡು ಮತ್ತೆ ಕೂಗಬೇಕು.

ಇಂಥ ಹೊತ್ತಲ್ಲೇ ಸಿಆರ್‌ಪಿ ಸರ್, ಅಂದರೆ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಮಾರ್ಗದರ್ಶನ ಮಾಡುವ ಸಂಪನ್ಮೂಲ ವ್ಯಕ್ತಿ, ತರಗತಿ ನೋಡೋಕೆ ಬಂದರು. ಗಂಭೀರವಾಗಿ ಬೆಂಕಿಪೊಟ್ಟಣ ಎತ್ತಿ "ಎಷ್ಟಪ್ಪಾ?" ಅಂದರು. ಎರಡು ರೂಪಾಯಿ. ಅವರು ಪೊಟ್ಟಣ ಕೆಳಗಿಟ್ಟು ಮುಂದಿನ ಗುಂಪಿನ ಕಡೆ ನಡೆದರು. ಹಿಂದಿಂದ ಸೌಂಡ್ ಬಾಕ್ಸ್ ಕೂಗಿತು: "ದುಡ್ಡು ಬಂದಿಲ್ಲ."

ಸರ್ ವಾಪಸ್ ಬಂದು ಜೇಬಿಂದ ನಿಜವಾದ ಎರಡು ರೂಪಾಯಿ ನಾಣ್ಯ ತೆಗೆದುಕೊಟ್ಟರು. ಈಗ ಎಲ್ಲರಿಗೂ ಸೌಂಡ್ ಬಾಕ್ಸೇ ಆಗಬೇಕು. ಸರದಿ ಪಟ್ಟಿ ಗೋಡೆ ಮೇಲಿದೆ, ಮೇಜಿನ ಕೆಳಗೆ ಜಾಗ ಸಾಲದು. ಗಿರಾಕಿ ಮಾತ್ರ ನಾನೊಬ್ಬಳೇ.