ಉಸಿರಿಗಿಂತ ಕಾಲು ತಡವಾಗಿ ಪಳಗುತ್ತದೆ: ನಡಿಗೆಯಿಂದ ಗುಡ್ಡದವರೆಗೆ ನನ್ನ ಅನುಭವ

ವ್ಯಾಯಾಮದ ರೂಢಿಯೇ ಇಲ್ಲದ ದೇಹವನ್ನು ಮೊದಲು ನಡಿಗೆಗೆ, ಆಮೇಲೆ ಓಟಕ್ಕೆ, ಕೊನೆಗೆ ಗುಡ್ಡ ಹತ್ತುವುದಕ್ಕೆ ಸಿದ್ಧ ಮಾಡುವಾಗ ನಾನು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇವತ್ತು ಎಷ್ಟು ವೇಗ ಅನ್ನುವುದನ್ನು ಉಸಿರು ಹೇಳಲಿ, ಮುಂದಿನ ವಾರ ಎಷ್ಟು ಹೆಚ್ಚಿಸಬೇಕು ಅನ್ನುವುದನ್ನು ಕಾಲು ಹೇಳಲಿ. ಹೃದಯ, ರಕ್ತ, ಉಸಿರಾಟ ಇವೆಲ್ಲ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮತ್ತು ಎಲುಬಿಗೆ ತಿಂಗಳುಗಳೇ ಬೇಕು. ಹೊಸ ಹೊರೆ ಬಿದ್ದಾಗ ಎಲುಬು ಮೊದಲು ಹಳೆಯ ಪದರವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತ ಕೊಂಚ ದುರ್ಬಲವಾಗಿಯೇ ಇರುತ್ತದೆ. ‘ಈಗ ಏದುಸಿರು ಬರುವುದಿಲ್ಲ’ ಎಂದು ಉತ್ಸಾಹ ಏರುವುದೂ ಸರಿಯಾಗಿ ಆ ವಾರಗಳಲ್ಲೇ. ಹೊಸಬರ ಕಾಲುನೋವಿನ ದೊಡ್ಡ ಪಾಲು ಅಲ್ಲಿಂದಲೇ ಶುರುವಾಗುತ್ತದೆ.

ಶ್ರಮಪಟ್ಟಾಗ ಎದೆನೋವು, ತಲೆಸುತ್ತಿ ಬಿದ್ದದ್ದು, ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ, ಗರ್ಭಾವಸ್ಥೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಶೂ ಕಟ್ಟಿ.

ಶುರು ಮಾಡಿದ್ದು ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷದ ನಡಿಗೆಯಿಂದ. ಮೊದಲ ಐದು ನಿಮಿಷ ನಿಧಾನ. ಪ್ರತಿ ವಾರ ಐದು ನಿಮಿಷ ಸೇರಿಸುತ್ತ 45ಕ್ಕೆ ತಂದು ನಿಲ್ಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಐದು ದಿನ 45 ನಿಮಿಷ ಅಂದರೆ 225, ಈ ಲೆಕ್ಕದೊಳಗೆ ಸರಿಯಾಗಿ ಕೂರುತ್ತದೆ. ಮಧ್ಯಮ ಶ್ರಮವನ್ನು ಅಳೆಯಲು ವಾಚು ಬೇಕಿಲ್ಲ: ನಡೆಯುತ್ತ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. 220ರಿಂದ ವಯಸ್ಸನ್ನು ಕಳೆದು ಹೃದಯಬಡಿತದ ಮಿತಿ ಕಂಡುಕೊಳ್ಳುವ ಸೂತ್ರ ಜನಸಮೂಹದ ಸರಾಸರಿ ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಹೃದಯಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಉಪಯೋಗಕ್ಕೇ ಬರುವುದಿಲ್ಲ.

45 ನಿಮಿಷದ ನಡಿಗೆ ಸಲೀಸಾದ ಮೇಲೆ ಓಟ. ಒಂದು ನಿಮಿಷ ಮೆಲ್ಲನೆ ಓಟ, ಎರಡು ನಿಮಿಷ ನಡಿಗೆ, ಇದನ್ನು ಎಂಟು ಸಲ. ಹಿಂದೆ ಮುಂದೆ ಐದೈದು ನಿಮಿಷ ನಡಿಗೆ. ವಾರಕ್ಕೆ ಮೂರೇ ದಿನ, ಅದೂ ಬೆನ್ನುಬೆನ್ನಿಗೆ ಅಲ್ಲ. ಮುಂದಿನ ಮೆಟ್ಟಿಲುಗಳು ಎರಡು ನಿಮಿಷ ಓಟಕ್ಕೆ ಎರಡು ನಿಮಿಷ ನಡಿಗೆ, ಮೂರಕ್ಕೆ ಒಂದು, ಐದಕ್ಕೆ ಒಂದು, ಆಮೇಲೆ ನಿಲ್ಲಿಸದೆ 20 ನಿಮಿಷ. ಒಂದು ಮೆಟ್ಟಿಲಿಗೆ ಕಡಿಮೆಯೆಂದರೆ ಎರಡು ವಾರ. ಹೆಜ್ಜೆ ಚಿಕ್ಕದಿರಲಿ, ಪಾದ ದೇಹದ ಮುಂದೆ ದೂರದಲ್ಲಿ ಅಲ್ಲ, ಸೊಂಟದ ಕೆಳಗೆ ಬೀಳಲಿ. ಪಾದ ಧಪಧಪ ಸದ್ದು ಮಾಡುತ್ತಿದ್ದರೆ ಹೆಜ್ಜೆ ಉದ್ದವಾಗಿರಬಹುದು.

ಓಟದ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವ ಮೊದಲು ಎರಡು ಪರೀಕ್ಷೆ ಇಟ್ಟುಕೊಂಡಿದ್ದೆ. ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಯಲ್ಲಿ ಹಿಮ್ಮಡಿಯಾಗಲಿ, ಅದರ ಮೇಲಿನ ದಪ್ಪ ರಜ್ಜುವಾಗಲಿ ಹಿಡಿದುಕೊಳ್ಳಬಾರದು. ಒಂಟಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಹತ್ತು ಸಲ ಎತ್ತಿದರೆ ನೋಯಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ. ಇದರಲ್ಲಿ ರಾಜಿ ಬೇಡ, ಕಳೆದುಕೊಳ್ಳುವುದು ಒಂದು ವಾರ ಅಷ್ಟೆ.

ಎರಡು ದಿನದ ಬಲವರ್ಧನೆಗೆ ಸಲಕರಣೆ ಏನೂ ಬೇಡ. ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, ಹಿಮ್ಮಡಿ ಎತ್ತುವುದು. ಪ್ರತಿಯೊಂದೂ ಹತ್ತರಂತೆ ಮೂರು ಸುತ್ತು. ಗೋಡೆ ಸುಲಭವಾದರೆ ಗಟ್ಟಿ ಮೇಜು, ಆಮೇಲೆ ನೆಲ. ಆದರೆ ಗುಡ್ಡಕ್ಕೆ ಹೋಗುವವರು ಬಿಡಲೇಬಾರದ ವ್ಯಾಯಾಮ ಮೆಟ್ಟಿಲಿಳಿತ. ಹದಿನೈದು ಸೆಂಟಿಮೀಟರಿನಷ್ಟು ಎತ್ತರದ ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು, ಇನ್ನೊಂದನ್ನು ಮುಂದಕ್ಕೆ ಇಳಿಬಿಡಿ. ಕಂಬಿಗೆ ಬೆರಳು ತಾಗಿಸಿಕೊಳ್ಳಿ, ತೂಕ ಹಾಕಬೇಡಿ. ನಿಂತ ಮೊಣಕಾಲನ್ನು ಮಡಚುತ್ತ, ಒಂದು ಎರಡು ಮೂರು ಎಂದು ಎಣಿಸುತ್ತ ಇಳಿದು, ಇಳಿಬಿಟ್ಟ ಕಾಲಿನ ಹಿಮ್ಮಡಿ ನೆಲಕ್ಕೆ ಸೋಕಿದೊಡನೆ ಮೇಲೇಳಿ. ಎರಡು ಕಡೆ ಕೆಡುತ್ತದೆ. ಒಂದು, ಮೊಣಕಾಲು ಒಳಗೆ ಹೆಬ್ಬೆರಳಿನ ಕಡೆಗೆ ವಾಲುತ್ತದೆ, ಅದು ಎರಡನೆಯ ಬೆರಳಿನ ನೇರಕ್ಕೇ ಇರಬೇಕು. ಎರಡು, ಕೊನೆಯ ಎರಡು ಮೂರು ಸೆಂಟಿಮೀಟರಿನಲ್ಲಿ ಹಿಡಿತ ತಪ್ಪಿ ದೊಪ್ಪೆಂದು ಬೀಳುತ್ತೇವೆ. ಹಾಗಾದರೆ ಹಿಮ್ಮಡಿ ಸೋಕುವ ಜಾಗದಲ್ಲಿ ದಪ್ಪ ಹಲಗೆ ಇಟ್ಟು ಎತ್ತರ ತಗ್ಗಿಸಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹೊರೆ ಹೊತ್ತುಕೊಂಡೇ ಉದ್ದವಾಗುತ್ತದೆ. ಸ್ನಾಯುವಿಗೆ ಹೆಚ್ಚು ಪೆಟ್ಟಾಗುವುದು ಈ ಬಗೆಯ ಕೆಲಸದಲ್ಲೇ. ಗುಡ್ಡ ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ, ನಡುಗುವ ಕಾಲೇ ಜಾರುವುದು. ಹಾಗಾಗಿ ಮೊದಲ ಗುಡ್ಡಕ್ಕೆ ನಾಲ್ಕು ವಾರ ಮೊದಲೇ ಇದನ್ನು ಶುರು ಮಾಡುವುದು ಕ್ಷೇಮ.

ನೋವುಗಳಲ್ಲಿ ಭೇದವಿದೆ. ಹೊಸ ವ್ಯಾಯಾಮದ ಮೈಕೈ ನೋವು 24ರಿಂದ 72 ಗಂಟೆಯೊಳಗೆ ತುದಿಗೇರಿ ಆಮೇಲೆ ಇಳಿಯುತ್ತದೆ, ಸಾಮಾನ್ಯವಾಗಿ ಎರಡೂ ಕಾಲಲ್ಲಿ ಇರುತ್ತದೆ, ಮೆಲ್ಲನೆ ನಡೆದರೆ ಸಡಿಲಾಗುತ್ತದೆ. ಮೊಣಕಾಲ ಕೆಳಗಿನ ಮುಂಭಾಗದ ಎಲುಬು ನೋಯುತ್ತಿದ್ದರೆ ಅದರ ಒಳ ಅಂಚನ್ನು ಮೇಲಿನಿಂದ ಕೆಳಗೆ ಒಂದೇ ಬೆರಳಿನಿಂದ ಒತ್ತುತ್ತ ಹೋಗಿ. ಐದಾರು ಸೆಂಟಿಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿದ ನೋವಾದರೆ ಓಟ ನಿಲ್ಲಿಸಿ, ನೋಯದಷ್ಟು ಮಾತ್ರ ನಡೆಯಿರಿ. ಬೆರಳ ತುದಿಯಷ್ಟೇ ಜಾಗದಲ್ಲಿ ಚುಚ್ಚಿದಂತೆ ನೋವಿದ್ದರೆ, ಅದೂ ವಿಶ್ರಾಂತಿಯಲ್ಲಿ, ರಾತ್ರಿಯಲ್ಲಿ ನೋಯುತ್ತಿದ್ದರೆ ಎಲುಬಿನಲ್ಲಿ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ಬಿಟ್ಟು ವೈದ್ಯರ ಹತ್ತಿರ ಹೋಗಿ. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದೇ ಇರಬಹುದು ಅನ್ನುವುದೂ ನೆನಪಿರಲಿ. ಅತಿ ಶ್ರಮದ ಮಾರನೆಯ ದಿನ ತಡೆಯಲಾಗದ ಸ್ನಾಯುನೋವಿನ ಜೊತೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆಗೆ ಅಂದೇ ಹೋಗಬೇಕು, ಕಾದರೆ ಮೂತ್ರಪಿಂಡಕ್ಕೆ ಅಪಾಯ.

ಶೂ ಕೊಳ್ಳುವುದು ಸಂಜೆ, ಪಾದ ಕೊಂಚ ಊದಿರುವಾಗ, ನಡೆಯಲು ಬಳಸುವ ಕಾಲುಚೀಲ ಹಾಕಿಕೊಂಡೇ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟುಕೊಂಡು ಚರ್ಮ ಮೆತ್ತಗಾಗಿಸುತ್ತದೆ, ಗುಳ್ಳೆ ಏಳುವುದು ಆ ಮೆತ್ತಗಾದ ಚರ್ಮದಲ್ಲಿ. ಎಲ್ಲಾದರೂ ಬಿಸಿಯಾದಂತೆ ಅನ್ನಿಸಿದ ಕ್ಷಣವೇ ನಿಂತು ಟೇಪ್ ಅಂಟಿಸಿ.

ಗುಡ್ಡದ ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ ಬಳಸುತ್ತೇನೆ. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎಂಟು ಕಿಲೋಮೀಟರ್ ದಾರಿ, 600 ಮೀಟರ್ ಏರಿಕೆ ಅಂದರೆ ಎರಡು ಗಂಟೆ 36 ನಿಮಿಷ. ಇದು ಪಳಗಿದವರು ನಿಲ್ಲದೆ ನಡೆದರೆ ಆಗುವ ಲೆಕ್ಕ. ಹೊಸಬರು ಅರ್ಧದಷ್ಟು ಸೇರಿಸಿ ನಾಲ್ಕು ಗಂಟೆ ಹಿಡಿಯಬೇಕು. ಹೊರಡುವ ಮೊದಲೇ ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿ, ದಾರಿಯ ಜೊತೆ ಅದನ್ನೂ ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ತುದಿ ಹತ್ತು ನಿಮಿಷ ದೂರವಿದ್ದರೂ ಆ ಗಂಟೆಗೆ ತಿರುಗಿಬಿಡಬೇಕು. ಚೀಲದಲ್ಲಿ ಟಾರ್ಚ್, ಮಳೆಯಂಗಿ, ಟೇಪ್, ಫೋನಿಗೆ ಮೊದಲೇ ಇಳಿಸಿಕೊಂಡ ನಕ್ಷೆ, ಸೀಟಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಪರ್ವತಪ್ರದೇಶಗಳಲ್ಲಿ ಬಳಕೆಯಲ್ಲಿರುವ ಆಪತ್ತಿನ ಸಂಕೇತ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ.

ನೀರನ್ನು ಬಾಯಾರಿದಂತೆ ಕುಡಿಯಿರಿ. ಗಂಟೆಗಟ್ಟಲೆ ಬರೀ ನೀರನ್ನೇ ಬಲವಂತವಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳುತ್ತವೆ. ಹೋಗುವ ಮೊದಲಿಗಿಂತ ಬಂದ ಮೇಲೆ ತೂಕ ಹೆಚ್ಚಿದ್ದರೆ ಕುಡಿದದ್ದು ಅತಿಯಾಯಿತು ಅಂತ ತಿಳಿಯಬೇಕು.

ಬಿಸಿಲಿಗೆ ಒಗ್ಗಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿಯವರೆಗೆ ಸಮಯವನ್ನೂ ವೇಗವನ್ನೂ ತಗ್ಗಿಸಿ. ಸುಸ್ತು, ತಲೆಭಾರ, ವಿಪರೀತ ಬೆವರು ಇದ್ದರೆ ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ನಡಿಗೆ ತಡವರಿಸಿದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬಂದರೆ ಅದು ಉಷ್ಣಾಘಾತ, ಮೈ ಬೆವರುತ್ತಿದ್ದರೂ ಅಷ್ಟೆ. ಒಬ್ಬರು ತುರ್ತು ಸಹಾಯಕ್ಕೆ ಕರೆ ಮಾಡಲಿ, ಉಳಿದವರು ಆ ಕ್ಷಣದಿಂದಲೇ ಮೈಯನ್ನು ತಣ್ಣೀರಿನಲ್ಲಿ ನೆನೆಸಿ ಗಾಳಿ ಬೀಸಲಿ. ಸಾಗಿಸುವುದಕ್ಕಿಂತ ತಂಪು ಮಾಡುವುದು ಮೊದಲು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಬೋಳುಗುಡ್ಡ, ಒಂಟಿಮರ ಬಿಟ್ಟು ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿ. ಕೊನೆಯ ಗುಡುಗಿನಿಂದ 30 ನಿಮಿಷ ಹೊರಗೆ ಬರಬೇಡಿ.

ಗುಡ್ಡ ಇಳಿದ ಮೇಲೆ ಎರಡು ದಿನ 20 ನಿಮಿಷದ ನಡಿಗೆ ಮಾತ್ರ, ಓಟ ಬೇಡ. ಮುಂದಿನ ಸಲ ದೂರ ಹೆಚ್ಚಿಸಿ ಇಲ್ಲವೇ ಏರಿಕೆ ಹೆಚ್ಚಿಸಿ. ಎರಡನ್ನೂ ಒಟ್ಟಿಗೆ ಹೆಚ್ಚಿಸಿದರೆ ಯಾವುದರಿಂದ ನೋವು ಬಂತು ಅನ್ನುವುದೇ ಗೊತ್ತಾಗುವುದಿಲ್ಲ.