ಕುರಿ ಹಾಲಿನ ಚೀಸ್: ಘಮ ಅಳೆಯುವ ಬಗೆ

ಪೆಕೊರಿನೊ ಇರಲಿ, ರಾಕ್‌ಫರ್ ಇರಲಿ, ಕುರಿ ಹಾಲಿನ ಚೀಸ್‌ನ ಘಮ ಅಳೆಯ ಹೊರಟವರೆಲ್ಲ ಘಮದ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ದುಬಾರಿ ಯಂತ್ರದ (ಗ್ಯಾಸ್ ಕ್ರೊಮಟೊಗ್ರಾಫ್-ಮಾಸ್ ಸ್ಪೆಕ್ಟ್ರೋಮೀಟರ್) ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಕೆಲಸ ಕೆಡುವುದು ಅಲ್ಲಲ್ಲ, ಅದಕ್ಕೂ ಮೊದಲು, 20 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆಯಲ್ಲಿ, ಅಂದರೆ ವಯಲ್‌ನಲ್ಲಿ.

ಮೊದಲು ಚೀಸ್‌ನ ಹೊರಪದರ ಕತ್ತರಿಸಿ ತೆಗೆದು, ಉಳಿದದ್ದನ್ನು ದ್ರವ ಸಾರಜನಕದಲ್ಲಿ ಗಟ್ಟಿ ಮಾಡಿ ಪುಡಿ ಮಾಡಿ. ತುರಿಮಣೆಯ ಅಡ್ಡದಾರಿ ಬೇಡ. ತೂಕ ಮಾಡುವಷ್ಟರಲ್ಲಿ ಹಗುರ ಘಮಗಳು ಹಾರಿಹೋಗಿರುತ್ತವೆ. ಪ್ಲಾಸ್ಟಿಕ್ ಡಬ್ಬಿಯಂತೂ ಬೇಡವೇ ಬೇಡ, ಅದು ಘಮವನ್ನು ಹೀರುತ್ತದೆ, ತನ್ನದನ್ನೂ ಸೇರಿಸುತ್ತದೆ.

ವಯಲ್‌ಗೆ 3 ಗ್ರಾಂ ಪುಡಿ, ಉಪ್ಪಿನ ಗಾಢ ದ್ರಾವಣ, ಗೊತ್ತಿರುವ ಪ್ರಮಾಣದ ಇಂಟರ್ನಲ್ ಸ್ಟ್ಯಾಂಡರ್ಡ್ (ಅಳತೆಗೆ ಹೋಲಿಸಿ ನೋಡುವ ರಾಸಾಯನಿಕ) ಹಾಕಿ ತಕ್ಷಣ ಮುಚ್ಚಿ. ಉಪ್ಪು ಘಮದ ಅಣುಗಳನ್ನು ಮೇಲಿನ ಗಾಳಿಗೆ ತಳ್ಳುತ್ತದೆ. ಕೊಬ್ಬಿನಾಮ್ಲಗಳ ಅರ್ಧ ಭಾಗ ಅಯಾನು (ವಿದ್ಯುದಾವೇಶದ ಕಣ) ರೂಪಕ್ಕೆ ತಿರುಗುವ ಪಿಎಚ್ ಸುಮಾರು 4.8, ಅದಕ್ಕಿಂತ ಮೇಲೇರಿದಷ್ಟೂ ಅವು ಆವಿಯಾಗಲು ಒಲ್ಲವು. ಹಾಗಾಗಿ ಎಲ್ಲ ಮಾದರಿಗಳ ಪಿಎಚ್ ಒಂದೇ ಇರಲಿ. ಇದನ್ನು ಮರೆತು ಎರಡು ಚೀಸ್ ಹೋಲಿಸಿದರೆ ನೀವು ಹೋಲಿಸಿದ್ದು ಹುಳಿಯನ್ನು, ಘಮವನ್ನಲ್ಲ.

ಈಗ ಬಿಸಿ. 50 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಬಳಿಕ ಘಮ ಹಿಡಿಯುವ ಲೇಪನವುಳ್ಳ ಸಣ್ಣ ಎಳೆಯನ್ನು, ಅಂದರೆ ಎಸ್‌ಪಿಎಂಇ ಫೈಬರನ್ನು, 30 ನಿಮಿಷ ವಯಲ್‌ನೊಳಗಿನ ಗಾಳಿಗೆ ಒಡ್ಡಿ. ಪೀಕ್ (ಯಂತ್ರದ ಗೆರೆಚಿತ್ರದಲ್ಲಿ ಒಂದು ವಸ್ತುವನ್ನು ತೋರುವ ಶಿಖರ) ದೊಡ್ಡದಾಗಲಿ ಎಂದು 80ಕ್ಕೆ ಏರಿಸುವವರಿದ್ದಾರೆ. ಅವರು ಅಳೆಯುವುದು ಬೇಯಿಸಿದ ಚೀಸನ್ನು; ಮೊದಲಿರದ ಆಲ್ಡಿಹೈಡ್‌ಗಳು ಅಲ್ಲೇ ಹುಟ್ಟಿಬಿಡುತ್ತವೆ. ಇನ್ನೊಂದು ಮೋಸವೂ ಉಂಟು: ಚೆನ್ನಾಗಿ ಮಾಗಿದ ಚೀಸ್‌ನ ಬ್ಯುಟಿರಿಕ್, ಕ್ಯಾಪ್ರೋಯಿಕ್ ಆಮ್ಲಗಳು ಫೈಬರಿನ ರಂಧ್ರಗಳನ್ನೆಲ್ಲ ಆಕ್ರಮಿಸಿ, ಬೆಣ್ಣೆಯ ಘಮದ ಡೈಅಸಿಟೈಲ್‌ನಂಥ ಹಗುರ ಘಮಗಳನ್ನು ಹೊರದಬ್ಬುತ್ತವೆ. ಆಗ ಮಾದರಿಯನ್ನೋ ಸಮಯವನ್ನೋ ಕಡಿಮೆ ಮಾಡಿ. ಪ್ರತಿದಿನ ಖಾಲಿ ವಯಲ್ ಒಂದನ್ನು ಓಡಿಸಿ ನೋಡಿ. ದ್ರವ್ಯರಾಶಿ 207, 281 ಇರುವ ಅಯಾನುಗಳ ಪೀಕ್ ಕಂಡರೆ ಅದು ಸಿಲಿಕೋನ್, ಅಗ್ಗದ ಸೆಪ್ಟಮ್ಮಿನ (ವಯಲ್ ಮುಚ್ಚಳದ ರಬ್ಬರ್ ಬಿಲ್ಲೆಯ) ಕೊಡುಗೆ. ಅದನ್ನೇ ಹೊಸ ಘಮವೆಂದು ವರದಿಯಲ್ಲಿ ಬರೆದವರನ್ನು ನಾನೇ ಕಂಡಿದ್ದೇನೆ.

ಮುಂದಿನದು ಸುಲಭ: ಯಂತ್ರದೊಳಗೆ ಘಮಗಳನ್ನು ಬೇರ್ಪಡಿಸುವ ತೆಳು ಕೊಳವೆ (ವ್ಯಾಕ್ಸ್ ಕಾಲಂ), ಅವನ್ನು ಒಯ್ಯುವ ಹೀಲಿಯಂ, ಓವನ್ 40ರಿಂದ 240 ಡಿಗ್ರಿಗೆ.

ಕಂಪ್ಯೂಟರ್ ತನ್ನ ಸಂಗ್ರಹದ ವಸ್ತುವೊಂದಕ್ಕೆ 90 ಅಂಕದ ಹೊಂದಾಣಿಕೆ ತೋರಿಸಿತೆಂದು ಪೀಕಿಗೆ ಹೆಸರಿಟ್ಟುಬಿಡಬೇಡಿ. ಆಲ್ಕೇನ್ ಎಂಬ ಸರಳ ಹೈಡ್ರೋಕಾರ್ಬನ್‌ಗಳ ಸರಣಿ ಓಡಿಸಿ, ಪೀಕ್ ಅವುಗಳ ನಡುವೆ ಎಲ್ಲಿ ಬರುತ್ತದೆಂಬ ಸಂಖ್ಯೆಯನ್ನು (ರಿಟೆನ್ಷನ್ ಇಂಡೆಕ್ಸ್) ಲೆಕ್ಕಹಾಕಿ. ಶುದ್ಧ ರಾಸಾಯನಿಕದೊಂದಿಗೂ ತಾಳೆ ನೋಡಿ. ದೊಡ್ಡ ಪೀಕೇ ದೊಡ್ಡ ವಾಸನೆಯಲ್ಲ. ಟಗರಿನ ಗಬ್ಬು ತರುವ 4-ಮೀಥೈಲ್ ಮತ್ತು 4-ಈಥೈಲ್ ಆಕ್ಟನಾಯಿಕ್ ಆಮ್ಲಗಳು ಎಷ್ಟೋ ಸಲ ಗೆರೆಚಿತ್ರದ ತಳದ ಗೆರೆಯ (ಬೇಸ್‌ಲೈನಿನ) ಗದ್ದಲದಲ್ಲೇ ಅಡಗಿರುತ್ತವೆ. ಕಾಲಂನ ತುದಿಯಲ್ಲಿ ಒಬ್ಬರನ್ನು ಮೂಸಲು ಕೂರಿಸಿ, ಅವರು ‘ಟಗರು’ ಎಂದು ಬರೆದ ನಿಮಿಷದಲ್ಲೇ ಹುಡುಕಿ. ಮೂಗು ಬೇಗ ದಣಿಯುತ್ತದೆ, ಅರ್ಧ ದಾರಿಯಲ್ಲಿ ಆಳು ಬದಲಿಸಿ.